ಒಂದು ಜೀರ್ಣೋದ್ಧಾರ ಯಾತ್ರೆ

ಕಾಶೀ ರಾಮೇಶ್ವರಗಳ ಯಾತ್ರಾವೃತ್ತಾಂತಗಳನ್ನು ಓದಿ ಅಭ್ಯಾಸವಾಗಿರುವ ವಾಚಕ ಮಹಾಶಯರು, ನಾವು ಈಗ ಬರೆಯಹೊರಟಿರುವ ಯಾತ್ರೆಯ ವಿಷಯವನ್ನು ಕೇಳಿದರೆ ನಕ್ಕಾರು. ನಾವು ಹೋದುದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ. ಹೋದ ಕಾರಣ, ಮೊಮ್ಮಗನು ಆಟವಾಡುವುದಕ್ಕಾಗಿ ಮನೆಯ ಹಳೆಯ ಕಂಪ್ಯೂಟರಿಗೆ ಬಿಡಿಭಾಗಗಳನ್ನು ಕೊಳ್ಳುವುದು. ಮೂವತ್ತೈದು ವರ್ಷ ಸಂಸ್ಕೃತಪಾಠ ಹೇಳಿ ನಿವೃತ್ತರಾದವರಿಗೆ ಇದೆಂತಹ ಚಪಲವೆಂದು ನೆರೆಯವರು ಕೇಳಿದ್ದೂ ಉಂಟು. ಆದರೂ ಆ ಒಂದು ದಿನದಲ್ಲಿ ಕಂಡುದೂ ಕಲಿತುದೂ, ಮನೆಯಲ್ಲಿ ಹಳೆಯ ಯಂತ್ರವಿದ್ದು ಹೊಸದಕ್ಕೆ ಹಣವಿಲ್ಲದ ಇತರ ಸಂಸಾರಗಳಿಗೆ ಉಪಯೋಗವಾದೀತೆಂದು ನಂಬಿ ಬರೆಯುತ್ತಿದ್ದೇವೆ.

ಮೈಸೂರಿನ ನಮ್ಮ ಮನೆಯ ಯಂತ್ರವನ್ನು ಕೊಂಡುದು 2014ರಲ್ಲಿ, ಕಿರಿಯ ಮಗನ ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ. ಅವನು ಓದು ಮುಗಿಸಿ ಉದ್ಯೋಗಕ್ಕೆ ಹೋದ ಮೇಲೆ ಅದು ನಮ್ಮ ಪಾಲಿಗೆ ಬಂದಿತು. ಹಳ್ಳಿಯ ಶಾಲೆಗಳಲ್ಲಿದ್ದಾಗ ಮಕ್ಕಳ ಬಾಯಿಂದ ಕೇಳಿ ಚೀಟಿಗಳಲ್ಲಿ ಗುರುತುಮಾಡಿಕೊಂಡಿದ್ದ ಗ್ರಾಮ್ಯಶಬ್ದಗಳನ್ನು ನಾವು ಎಂಟು ವರ್ಷಗಳಿಂದ ಅದರಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದೆವು. ಚೀಟಿಗಳಲ್ಲಿ ಬಹುಪಾಲನ್ನು ಗೆದ್ದಲು ತಿಂದುಹೋಯಿತು. ಆದುದರಿಂದ ಆ ಸಂಗ್ರಹವು ಉಳಿದಿದ್ದುದು ಆ ಯಂತ್ರವೊಂದರಲ್ಲಿ ಮಾತ್ರ. ಈ ಸಂಗತಿಯ ಗಾಂಭೀರ್ಯ ನಮಗೆ ಆಗ ತಿಳಿದಿರಲಿಲ್ಲ. ತಿಳಿಸಿದವನು ಹದಿಮೂರು ವರ್ಷದ ಮೊಮ್ಮಗ.

ಅವನು ನಮ್ಮ ಮಗಳ ಮಗ. 2024ರ ಜೂನ್ ತಿಂಗಳಲ್ಲಿ ಅವನ ತಂದೆಗೆ ಉತ್ತರದೇಶಕ್ಕೆ ವರ್ಗವಾಗಲು, ಹುಬ್ಬಳ್ಳಿಯ ಶಾಲೆಯನ್ನು ಬಿಡಿಸಿ ಹುಡುಗನನ್ನು ನಮ್ಮಲ್ಲಿ ಬಿಟ್ಟು ಹೋದರು. ಮಾತಿನ ಮಲ್ಲನಾಗಿದ್ದವನು ಇಲ್ಲಿಗೆ ಬಂದ ಮೇಲೆ ಊಟಕ್ಕೆ ಕರೆದರೆ ಬರುವನು, ಕೇಳಿದ್ದಕ್ಕೆ ಉತ್ತರ ಹೇಳುವನು, ಅಷ್ಟೇ. ಸಂಜೆ ಮಾತ್ರ ಕಂಪ್ಯೂಟರಿನ ಮುಂದೆ ಕೂರುವನು. ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಎಂಬ ಆಟವೊಂದಿದೆ. 2012ರಲ್ಲಿ ಪ್ರಾಗ್ ನಗರದ ಒಂದು ಸಂಸ್ಥೆಯವರು ಹೊರತಂದುದು. ಆಡುವವನು ಲಾರಿಯ ಚಾಲಕನಾಗಿ ಯೂರೋಪಿನ ಊರೂರಿಗೆ ಸರಕು ಮುಟ್ಟಿಸಬೇಕು. 2021ರಿಂದ ಅದರಲ್ಲಿ ಸ್ನೇಹಿತರು ಬೇರೆ ಬೇರೆ ಊರಿನಿಂದಲೇ ಕೂಡಿ, ಒಬ್ಬರ ಹಿಂದೊಬ್ಬರು ಲಾರಿಗಳ ಸಾಲು ಹೊರಡುವ ಏರ್ಪಾಡಾಗಿದೆ. ಇದನ್ನೆಲ್ಲ ನಾವು ತಿಳಿದುದು ಆಮೇಲೆ. ಆಗ ನಮ್ಮ ಕಣ್ಣಿಗೆ ಅದು ಬರಿಯ ಕಾಲಹರಣ. ಹಾಗೆಂದು ಎರಡು ಸಲ ಗದರಿಸಿಯೂ ಇದ್ದೆವು.

ಒಂದು ಸಂಜೆ ಅವನ ಕೋಣೆಯ ಮುಂದೆ ಹಾದುಹೋಗುತ್ತಿದ್ದಾಗ ಫೋನಿನಿಂದ ಹುಬ್ಬಳ್ಳಿಯ ಹುಡುಗರ ಧ್ವನಿ ಕೇಳಿಸಿತು: “ಯಾಕೋ, ಮತ್ತ ನಿಂತ್ ಹೋತೇನಲೇ? ನಾವು ಮುಂದ ಹೊಂಟ್ವಿ ನೋಡು.” ಪರದೆಯ ಮೇಲೆ ಲಾರಿ ಕಲ್ಲಿನಂತೆ ನಿಂತಿದ್ದಿತು. ಉಳಿದ ಲಾರಿಗಳು ತಿರುವಿನಲ್ಲಿ ಮರೆಯಾದವು. ಹುಡುಗನು ಏನೂ ಹೇಳದೆ ಯಂತ್ರವನ್ನು ಆರಿಸಿ ಪುಸ್ತಕ ತೆಗೆದನು. ಓದಲಿಲ್ಲ. ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಾಲಹರಣವೆಂದು ನಾವು ಭಾವಿಸಿದ್ದುದು, ಆ ಮಗುವಿಗೆ ತನ್ನ ಊರಿನೊಡನೆ ಉಳಿದಿದ್ದ ಒಂದೇ ದಾರಿಯಾಗಿದ್ದಿತು.

ಮರುದಿನ ನಾವಾಗಿಯೇ ಕೇಳಲಾಗಿ, ಅವನು ಒಂದು ನೋಟ್‌ಪುಸ್ತಕವನ್ನು ತಂದು ಮುಂದಿಟ್ಟನು. ಮುಂಜಿಯಲ್ಲಿ ಹಿರಿಯರು ಆಶೀರ್ವಾದವಾಗಿ ಕೊಟ್ಟ ಹಣ 12,000 ರೂಪಾಯಿ ಅವನ ತಾಯಿಯ ಬಳಿ ಇದ್ದಿತು. ಅದಕ್ಕೆ ನಾವು 3,000 ಸೇರಿಸುವುದೆಂದೂ, 15,000ವನ್ನು ಒಂದು ರೂಪಾಯಿಯೂ ಮೀರಕೂಡದೆಂದೂ ಗೊತ್ತುಮಾಡಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಷ್ಟೆ.

ವೈದ್ಯನು ಔಷಧಕ್ಕೆ ಮೊದಲು ನಿದಾನವನ್ನು ಮಾಡುತ್ತಾನೆ. ಹುಡುಗನೂ ಹಾಗೆಯೇ ಮಾಡಿದ್ದನು. ಆಟ ನಡೆಯುತ್ತಿರುವಾಗ ಯಂತ್ರದ ಯಾವ ಅಂಗ ಎಷ್ಟು ದಣಿಯುತ್ತಿದೆಯೆಂಬುದನ್ನು ‘ಟಾಸ್ಕ್ ಮ್ಯಾನೇಜರ್’ ಎಂಬ ಕಿಟಕಿ ತೋರಿಸುತ್ತದೆ. ಅದನ್ನು ನೋಡಿ ಬರೆದಿಟ್ಟಿದ್ದನು. ಗೃಹಿಣಿಯರಿಗೆ ಮದುವೆಮನೆಯ ಅಡುಗೆಯ ದೃಷ್ಟಾಂತದಿಂದ ಹೇಳಬಹುದು. ಪ್ರೊಸೆಸರು ಅಡುಗೆಯವನು; ರ‍್ಯಾಮ್ ಅವನ ಮುಂದಿನ ಕಟ್ಟೆ; ಹಾರ್ಡ್ ಡಿಸ್ಕು ಉಗ್ರಾಣ. ನಮ್ಮ ಅಡುಗೆಯವನು, ಎಂದರೆ ನಾಲ್ಕು ಕೋರುಗಳ ಇಂಟೆಲ್ ಐ5-4590, ಇನ್ನೂ ಗಟ್ಟಿಗನೇ. ಅರ್ಧ ಹೊತ್ತು ಸುಮ್ಮನೆ ನಿಂತಿರುತ್ತಿದ್ದನು. ಆದರೆ 4 ಜಿ.ಬಿ.ಯ ಕಟ್ಟೆ ತೀರ ಇಕ್ಕಟ್ಟು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಳೆಯ ಡಿಸ್ಕಿನ ಉಗ್ರಾಣದಿಂದ ಸಾಮಾನು ಬರುವುದು ತೀರ ನಿಧಾನ. ಇನ್ನು ಚಿತ್ರ ಬರೆಯುವ ಕೆಲಸಕ್ಕೆ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡೇ ಇರಲಿಲ್ಲ. ಅದೂ ಅಡುಗೆಯವನ ಮೇಲೆಯೇ ಬಿದ್ದಿದ್ದಿತು. ಹೀಗಿರಲು ಅಡುಗೆಯವನನ್ನು ಬದಲಾಯಿಸಿ ಫಲವೇನು? ದೇವಾಲಯದ ಜೀರ್ಣೋದ್ಧಾರದಲ್ಲಿ ಗಟ್ಟಿಯಾದ ಕಂಬಗಳನ್ನು ಕೀಳುವುದಿಲ್ಲ. ಸೋರುವ ಕಡೆ ಸರಿಪಡಿಸುತ್ತಾರೆ. ಬೇಕಾದುದು ಅಷ್ಟೇ.

2025ರ ಸಂಕ್ರಾಂತಿ ಕಳೆದ ಮೇಲಿನ ಶನಿವಾರ ಬೆಳಗಿನ ರೈಲಿಗೆ ಹೊರಟೆವು. ಭಾನುವಾರ ಆ ರಸ್ತೆಯ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆಂಬುದನ್ನು ಮೊದಲೇ ವಿಚಾರಿಸಿದ್ದೆವು. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವಾಗ ನೀರಿನ ಮೇಲೆ ಇನ್ನೂ ಮಂಜಿದ್ದಿತು. ಮಂಡ್ಯದ ಕಬ್ಬಿನ ಗದ್ದೆಗಳು ಕಳೆದು ಮದ್ದೂರು ಬರಲು, ವಡೆಯ ಪರಿಮಳ ಡಬ್ಬಿಯೊಳಕ್ಕೆ ಬಂದಿತು. ಹುಡುಗನು ಎರಡು ತಿಂದನು. ಚನ್ನಪಟ್ಟಣದಲ್ಲಿ ನಮಗೆ ನಮ್ಮ ಬಾಲ್ಯದ ಅರಗಿನ ಬಣ್ಣದ ಬುಗುರಿ ನೆನಪಾಯಿತು. ಹಾಲೆಮರವನ್ನು ಕಡೆದು, ತಿರುಗುವಾಗಲೇ ಅರಗನ್ನು ಒತ್ತಿ ಬಣ್ಣ ಹಚ್ಚುವ ಆ ಕಸುಬಿನಿಂದ ಎಷ್ಟೋ ಸಂಸಾರಗಳು ಬದುಕಿವೆ. ಆ ಬುಗುರಿಯನ್ನು ತಂದುಕೊಟ್ಟ ನಮ್ಮ ತಂದೆಯವರು ಆಟವೆಂದು ಹೀನಾಯ ಮಾಡಿರಲಿಲ್ಲ. ನಾವೇಕೆ ಮಾಡಿದೆವೋ ಎಂದು ರಾಮನಗರದ ಬಂಡೆಗಳು ಕಾಣುವವರೆಗೆ ಯೋಚಿಸಿದೆವು.

ಸುಮಾರು 140 ಕಿಲೋಮೀಟರಿನ ಪ್ರಯಾಣ ಮುಗಿದು, ಮೆಜೆಸ್ಟಿಕ್ಕಿನಿಂದ ಮೆಟ್ರೋ ರೈಲಿನ ಹಸಿರು ಮಾರ್ಗದಲ್ಲಿ ಒಂದೇ ನಿಲ್ದಾಣ ಹೋಗಿ ಚಿಕ್ಕಪೇಟೆಯಲ್ಲಿ ಮೇಲೆ ಬಂದೆವು. ಅಲ್ಲಿಂದ ಕಾಲ್ನಡಿಗೆ. ಸೀರೆಯ ಅಂಗಡಿಗಳ ನಡುವೆ ಪೂರ್ವಾಭಿಮುಖವಾಗಿ ನಡೆದರೆ ಅವೆನ್ಯೂ ರಸ್ತೆ, ಹಿಂದಿನ ದೊಡ್ಡಪೇಟೆ, ಅಡ್ಡ ಬರುತ್ತದೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸುವಾಗ ನಾಲ್ಕು ಜೊತೆ ಎತ್ತುಗಳನ್ನು ನೇಗಿಲಿಗೆ ಕಟ್ಟಿ ನಾಲ್ಕು ದಿಕ್ಕಿಗೆ ಬಿಟ್ಟುದು ಈ ಚೌಕದಿಂದಲೇ ಎಂದು ಐತಿಹ್ಯ. ವಿದ್ಯಾರ್ಥಿಗಳಾಗಿದ್ದಾಗ ನಾವು ಹಳೆಯ ಪುಸ್ತಕಗಳನ್ನು ಕೊಳ್ಳಲು ಬರುತ್ತಿದ್ದುದೂ ಈ ಅವೆನ್ಯೂ ರಸ್ತೆಗೇ. ಒಮ್ಮೆ ಒಂದು ವ್ಯಾಕರಣಗ್ರಂಥವನ್ನು ಅರ್ಧಬೆಲೆಗೆ ಸಿಕ್ಕಿತೆಂದು ಹಿಗ್ಗಿ ತಂದು ಮನೆಯಲ್ಲಿ ಬಿಚ್ಚಿದರೆ, ನಡುವೆ 16 ಪುಟಗಳ ಒಂದು ಫಾರಂ ಇರಲೇ ಇಲ್ಲ. ಈ ಕಥೆಯನ್ನು ಹುಡುಗನಿಗೆ ಹೇಳಿದೆವು. ಅವನು “ಇವತ್ತು ನಾವು ಪುಟ ಎಣಿಸಿಯೇ ತಗೋಳೋಣ, ತಾತ” ಎಂದನು.

ಮುಂದೆ ನಗರ್ತಪೇಟೆ. ಬೆಂಗಳೂರು ಕರಗದ ಮೂಲಸ್ಥಾನವಾದ ಧರ್ಮರಾಯಸ್ವಾಮಿ ದೇವಸ್ಥಾನವು ಇಲ್ಲಿಗೆ ಸಮೀಪ. ಅದರ ಆಚೆ, ಪುರಭವನದ ಕಡೆಗೆ ಸಾಗುವ ಇಕ್ಕಟ್ಟಾದ ಬೀದಿಯೇ ಸಾದರ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಎಸ್.ಪಿ. ರೋಡು. ಒಂದೊಂದು ಕಟ್ಟಡದಲ್ಲಿ ಹತ್ತಾರು ಮಳಿಗೆಗಳು. ಮೆಟ್ಟಲಿನ ಕೆಳಗಿನ ಎರಡು ಗಜ ಜಾಗದಲ್ಲಿಯೂ ಒಬ್ಬ ರಿಪೇರಿಯವನು. ತಂತಿ, ಪಂಖ, ಪರದೆ, ಕೀಲಿಮಣೆಗಳ ರಾಶಿ. ಕೈಗಾಡಿಗಳವರು “ಸೈಡು, ಸೈಡು” ಎಂದು ಕೂಗುತ್ತ ನಮ್ಮ ಪಂಚೆಯನ್ನು ಸವರಿಕೊಂಡೇ ಹೋಗುತ್ತಿದ್ದರು.

ಮೊದಲ ಅಂಗಡಿಯವರು ನಮ್ಮ ಪಟ್ಟಿಯನ್ನು ಅರ್ಧ ಓದಿ, “ಯಜಮಾನ್ರೇ, ಆ ಹಳೇ ಡಬ್ಬ ಬಿಸಾಕಿ. ನಲವತ್ತೈದು ಸಾವಿರಕ್ಕೆ ಹೊಸದು ಕಟ್ಟಿಕೊಡ್ತೀನಿ” ಎಂದರು. ನಮಸ್ಕಾರ ಹೇಳಿ ಹೊರಬಂದೆವು. ಎರಡನೆಯವರು ಹೊಸದೊಂದು ಕಾರ್ಡನ್ನು ತೋರಿಸಿದರು; ಡಬ್ಬಿಯೇ ಕಣ್ಣು ಕೋರೈಸುವಂತಿದ್ದಿತು. ಹುಡುಗನು ಅದರ ಹೆಸರನ್ನು ನೋಡಿ ತಲೆಯಾಡಿಸಿದನು. ಆ ಕಾರ್ಡು ಯಂತ್ರದೊಡನೆ ವ್ಯವಹರಿಸುವುದು ನಾಲ್ಕೇ ದಾರಿಗಳಲ್ಲಿ. ಹೊಸ ಮದರ್‌ಬೋರ್ಡುಗಳ ದಾರಿ ವೇಗವಾದುದರಿಂದ ಅಲ್ಲಿ ಅದು ಸಾಕು. ನಮ್ಮ ಎಚ್81 ಬೋರ್ಡಿನ ದಾರಿ ಹಳೆಯ ಕಾಲದ ನಿಧಾನದ್ದು, ಅಲ್ಲಿ ಹದಿನಾರು ದಾರಿಗಳನ್ನೂ ಬಳಸುವ ಕಾರ್ಡೇ ಆಗಬೇಕು. ಹೊಸತೆಂದ ಮಾತ್ರಕ್ಕೆ ಹಳೆಯದಕ್ಕೆ ಹೊಂದದು. ರ‍್ಯಾಮ್ ವಿಷಯವೂ ಹೀಗೆಯೇ: ನಮ್ಮದಕ್ಕೆ ಡಿ.ಡಿ.ಆರ್.3 ಜಾತಿಯೇ ಬೇಕು. ಅದರ ಮುಂದಿನ ಪೀಳಿಗೆಗಳವು ಆ ಗಾಡಿಯಲ್ಲಿ ಕೂರುವುದೇ ಇಲ್ಲ, ಅಂಚಿನ ಕಚ್ಚು ಬೇರೆ ಎಡೆಯಲ್ಲಿರುತ್ತದೆ. ಬಳಸಿದ 8 ಜಿ.ಬಿ.ಯ ಎರಡು ಪಟ್ಟಿಗಳಿಗೆ 1,600 ರೂಪಾಯಿ ಕೊಟ್ಟೆವು. ಒಂದೇ 16ರ ಬದಲು ಎರಡು 8 ಏಕೆಂದರೆ, ಜೋಡಿಯಾಗಿದ್ದಾಗ ಎರಡರಿಂದಲೂ ಏಕಕಾಲದಲ್ಲಿ ಓದಬಹುದು. ತಿರುಗುವ ಭಾಗವೇ ಇಲ್ಲದ 480 ಜಿ.ಬಿ.ಯ ಎಸ್.ಎಸ್.ಡಿ.ಗೆ 2,700.

ಮೂರನೆಯ ಮಹಡಿಯ ಒಂದು ಮಳಿಗೆಯಲ್ಲಿ, ಬಳಸಿದ ಜಿ.ಟಿ.ಎಕ್ಸ್. 1650 ಕಾರ್ಡು 6,500ಕ್ಕೆ ಸಿಕ್ಕಿತು. 2019ರಲ್ಲಿ ಹೊರಬಂದ ಈ ಕಾರ್ಡಿಗೆ 75 ವಾಟು ಸಾಕು. ಅಷ್ಟನ್ನು ಬೋರ್ಡಿನ ಗಾಡಿಯೇ ಒದಗಿಸುವುದರಿಂದ, ಈ ಮಾದರಿಗೆ ಬೇರೆ ತಂತಿ ಬೇಕಾಗಲಿಲ್ಲ. ಪುಟ ಎಣಿಸುವ ಕಾರ್ಯವನ್ನು ಹುಡುಗನು ಶಾಸ್ತ್ರೋಕ್ತವಾಗಿ ನಡೆಸಿದನು. ಮೊಳೆಗಳ ತಲೆ ಸವೆದಿದೆಯೇ, ಪಂಖಗಳು ಅಲ್ಲಾಡದೆ ತಿರುಗುತ್ತವೆಯೇ, ಎಲ್ಲಿಯಾದರೂ ಸುಟ್ಟ ಕಲೆಯಿದೆಯೇ ಎಂದು ನೋಡಿದನು. ಹಳೆಯ ಕಾರ್ಡಿನ ಒಳಗಣ ಬರಹವನ್ನು ತಿದ್ದಿ, ಹೊಸದರ ಹೆಸರು ತೋರುವಂತೆ ಮಾಡಿ ಮಾರುವ ಧೂರ್ತರೂ ಉಂಟು. ಆದುದರಿಂದ ಅಂಗಡಿಯ ಯಂತ್ರದಲ್ಲಿಯೇ ಅದನ್ನು ಕೂರಿಸಿ, ‘ಜಿಪಿಯು-ಝಡ್’ ಎಂಬ ಉಚಿತ ತಂತ್ರಾಂಶದಿಂದ ನಿಜನಾಮವನ್ನು ಪರೀಕ್ಷಿಸಿದನು. ಬಳಿಕ ಅರ್ಧ ಗಂಟೆ ಪೂರ್ಣ ಭಾರ ಹೊರಿಸಿ ಓಡಿಸಲಾಗಿ, ಉಷ್ಣತೆ 72 ಡಿಗ್ರಿಯಲ್ಲಿ ನಿಂತಿತು, ಚಿತ್ರ ಕದಡಲಿಲ್ಲ. ಒಂದು ಅಗುಳನ್ನು ಹಿಸುಕಿ ಅನ್ನದ ಪಾಕವನ್ನು ತಿಳಿಯುವ ಸ್ಥಾಲೀಪುಲಾಕನ್ಯಾಯ ಇಲ್ಲಿ ಸಾಲದು, ಅನ್ನವೆಲ್ಲ ಬೇಯುವವರೆಗೆ ಕಾಯಬೇಕು. ಅಂಗಡಿಯವರೂ ಬೇಸರಿಸದೆ ನಮಗೆ ಕುರ್ಚಿ ಕೊಟ್ಟು ಕಾಫಿ ತರಿಸಿದರು.

ಉಳಿದುದು ಎಸ್.ಎಂ.ಪಿ.ಎಸ್. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಇಳಿಸಿ, 12, 5, 3.3 ವೋಲ್ಟುಗಳಾಗಿ ಎಲ್ಲ ಅಂಗಗಳಿಗೂ ಹಂಚುವ ಪೆಟ್ಟಿಗೆ ಅದು. ನಮ್ಮಲ್ಲಿದ್ದುದು ಹನ್ನೊಂದು ವರ್ಷದ ಹಳೆಯದು, ಹೆಸರಿಲ್ಲದ ಅಗ್ಗದ ಮಾಲು. ಒಳ್ಳೆಯ 450 ವಾಟಿನದಕ್ಕೆ 2,900 ಎಂದರು. ಅದೇ ಮಳಿಗೆಯಲ್ಲಿ ಇನ್ನೂ ಬಲವಾದ ಬಳಸಿದ ಕಾರ್ಡೊಂದು 9,000ಕ್ಕೆ ಇದ್ದುದನ್ನು ಹುಡುಗನು ಆಗಲೇ ಎರಡು ಸಲ ನೋಡಿದ್ದನು. ಅವನ ಮುಖವನ್ನು ಕಂಡು ನಮಗೆ ಕರುಣೆ ಹುಟ್ಟಿತು. “ಮಗು, ಹಳೆಯ ಪೆಟ್ಟಿಗೆ ನಡೆಯುತ್ತಲೇ ಇದೆಯಲ್ಲ. ಆ ಹಣವನ್ನೂ ಸೇರಿಸಿ ದೊಡ್ಡ ಕಾರ್ಡನ್ನೇ ತೆಗೆದುಕೋ” ಎಂದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: “ಬೇಡ ತಾತ. ಅದು ಸುಟ್ಟರೆ ತಾನೊಂದೇ ಸುಡೋದಿಲ್ಲ. ನಿಮ್ಮ ಶಬ್ದಗಳೆಲ್ಲ ಅದೇ ಡಿಸ್ಕಿನಲ್ಲಿವೆ. ಆ ಡಿಸ್ಕೂ ಈಗ ಟಕ್ ಟಕ್ ಅಂತಿದೆ. ನಾನು ಪಟ್ಟಿಯಲ್ಲಿ ಮೊದಲು ಬರೆದಿದ್ದೇ ಅದನ್ನ.”

ನೋಟ್‌ಪುಸ್ತಕವನ್ನು ಇಸಿದುಕೊಂಡು ನೋಡಿದೆವು. ಮೊದಲ ಸಾಲಿನಲ್ಲಿ ‘ತಾತನ ಶಬ್ದಗಳು – ಪೆನ್‌ಡ್ರೈವ್’ ಎಂದೂ, ಎರಡನೆಯದರಲ್ಲಿ ‘ಎಸ್.ಎಂ.ಪಿ.ಎಸ್.’ ಎಂದೂ ಇದ್ದಿತು. ಗ್ರಾಫಿಕ್ಸ್ ಕಾರ್ಡು ಐದನೆಯದು. ನಾವು ಗದರಿಸಿದ್ದುದು ಈ ಹುಡುಗನನ್ನು. ಏನೂ ಹೇಳಲು ತೋರದೆ, ಜೇಬಿನಿಂದ ಹಣವನ್ನು ತೆಗೆದು ಎಣಿಸಿಕೊಟ್ಟೆವು.

ಅಗ್ಗದ ಪೆಟ್ಟಿಗೆ ಮನೆಗೇ ಅಪಾಯವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಈ ಪೇಟೆಯ ಅಂಚಿನಲ್ಲಿ, ಈಗ ಕೃಷ್ಣರಾಜೇಂದ್ರ ಮಾರುಕಟ್ಟೆಯಿರುವ ಎಡೆಯಲ್ಲಿ, ಶಿವನಸಮುದ್ರದಿಂದ ತಂದ ವಿದ್ಯುತ್ತಿನ ಬೀದಿದೀಪಗಳು ಮೊದಲು ಹೊತ್ತಿದುದು 1905ರ ಆಗಸ್ಟ್ 5ರಂದು. ಅಂದಿನಿಂದ ಇಂದಿನವರೆಗೆ ವಿದ್ಯುತ್ತು ನಮ್ಮ ಮನೆಯ ಆಳಾಗಿದ್ದರೂ, ಹದ ತಪ್ಪಿದರೆ ಒಡೆಯನನ್ನೇ ಸುಡುವ ಆಳು. ಕೈಯಲ್ಲಿ ಹಿಡಿದರೆ ಹಗುರವಾಗಿ, ಮೇಲೆ ದೊಡ್ಡ ಅಂಕಿ ಬರೆದಿರುವ ಪೆಟ್ಟಿಗೆಯನ್ನು ನಂಬಬೇಡಿ. ‘80 ಪ್ಲಸ್’ ಮುದ್ರೆ, ರಸೀತಿ, ವಾರಂಟಿ ಈ ಮೂರನ್ನೂ ಕೇಳಿ ಪಡೆಯಿರಿ.

ಪೆನ್‌ಡ್ರೈವಿಗೆ 450, ಪ್ರೊಸೆಸರಿಗೆ ಹಚ್ಚುವ ಶಾಖದ ಲೇಪ, ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಮುಂತಾದುವಕ್ಕೆ 300. ಒಟ್ಟು 14,450. ಉಳಿದ 550ನ್ನು ಜೇಬಿನಲ್ಲಿಟ್ಟುಕೊಂಡು ಸಂಜೆಯ ರೈಲಿಗೆ ಮರಳಿದೆವು.

ಮರುದಿನ ಬೆಳಗ್ಗೆ, ಏನನ್ನೂ ಬಿಚ್ಚುವ ಮೊದಲು, ಶಬ್ದಸಂಗ್ರಹವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡನು. ಆಮೇಲೆ ವಿದ್ಯುತ್ತಿನ ತಂತಿಯನ್ನು ಕಿತ್ತು, ಕ್ಯಾಬಿನೆಟ್ಟಿನ ಬಾಗಿಲು ತೆಗೆದರೆ, ಒಳಗೆ ಹನ್ನೊಂದು ವರ್ಷದ ಧೂಳು ಹತ್ತಿಯಂತೆ ಕೂತಿದ್ದಿತು. ಅಜ್ಜಿ ಕೊಟ್ಟ ಮೆತ್ತನೆಯ ಕುಂಚದಿಂದ ಅದನ್ನು ಗುಡಿಸಿದೆವು. ಹಳೆಯ ಲೇಪವು ಒಣಗಿದ ಗಂಧದಂತೆ ಬಿರುಕುಬಿಟ್ಟಿದ್ದಿತು. ಒರೆಸಿ ಹೊಸದನ್ನು ಕಡಲೆಕಾಳಿನಷ್ಟು ಇಟ್ಟನು. ಬಿಡಿಭಾಗಗಳನ್ನು ಮುಟ್ಟುವ ಮುನ್ನ ಪ್ರತಿಸಲವೂ ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಬೇಕು. ಮೈಯಲ್ಲಿ ಸೇರಿದ ಸ್ಥಿರವಿದ್ಯುತ್ತು ಹರಿದುಹೋಗದಿದ್ದರೆ ಅವು ಕೆಟ್ಟಾವು.

ಎಲ್ಲ ಮುಗಿದು ಪರದೆಯ ತಂತಿಯನ್ನು ಸಿಕ್ಕಿಸಹೋದರೆ, ಹೊಸ ಕಾರ್ಡಿನಲ್ಲಿ ಅದಕ್ಕೆ ತೂತೇ ಇಲ್ಲ! ನಮ್ಮ ಹಳೆಯ ಪರದೆಯದು ನೀಲಿ ತಲೆಯ ವಿ.ಜಿ.ಎ. ತಂತಿ, ಕಾರ್ಡಿನಲ್ಲಿರುವುದು ಎಚ್.ಡಿ.ಎಂ.ಐ. ಇಷ್ಟು ಎಚ್ಚರದಿಂದ ಪಟ್ಟಿ ಮಾಡಿದವನು ಇದೊಂದನ್ನು ಮರೆತಿದ್ದನು. ಪುಟ ಎಣಿಸಿದರೂ ಒಂದು ಹಾಳೆ ತಪ್ಪಿತೆಂದು ಇಬ್ಬರೂ ನಕ್ಕೆವು. ಬಂದು ಏಳು ತಿಂಗಳಲ್ಲಿ ಅವನು ಹಾಗೆ ನಕ್ಕುದನ್ನು ನಾವು ಕಂಡಿರಲಿಲ್ಲ. ಸೋಮವಾರ ಮೈಸೂರಿನಲ್ಲಿಯೇ 350 ರೂಪಾಯಿಗೆ ಒಂದು ಪರಿವರ್ತಕ ಸಿಕ್ಕಿತು. ಕೊನೆಗೆ ಉಳಿದುದು 200 ರೂಪಾಯಿ. ಅದನ್ನು ಅಜ್ಜಿಯ ಕೈಗೆ ಕೊಟ್ಟನು.

ಮುಂಚೆ ಯಂತ್ರ ಎದ್ದು ಕೂರಲು ನಾಲ್ಕು ನಿಮಿಷ ಹಿಡಿಯುತ್ತಿದ್ದಿತು. ಈಗ ಅರ್ಧ ನಿಮಿಷವೂ ಇಲ್ಲ. ಆದರೆ ಇಂದು ಈ ದಾರಿ ಹಿಡಿಯುವವರಿಗೆ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮೊದಲನೆಯದು, ನಾವು ಬರೆದಿರುವ ಬೆಲೆಗಳು ಆ ಜನವರಿಯವು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಬಹಳ ಏರಿತು. ಎರಡನೆಯದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಆದರೋ ಇಂಟೆಲಿನ 8ನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳನ್ನು ಅಂಗೀಕರಿಸುವುದಿಲ್ಲ, ನಮ್ಮದು 4ನೆಯದು. ಹಣ ಹಾಕುವ ಮೊದಲು ಇದನ್ನು ತೂಗಿ ನೋಡಬೇಕು. ಉಚಿತವಾದ ಲಿನಕ್ಸ್ ಒಂದು ದಾರಿ. ಅದರಲ್ಲಿಯೂ ಅನೇಕ ಆಟಗಳು ನಡೆಯುತ್ತವೆ, ಮೋಸವನ್ನು ತಡೆಯುವ ಕಾವಲು ತಂತ್ರಾಂಶವುಳ್ಳ ಕೆಲವು ಸ್ಪರ್ಧೆಯ ಆಟಗಳು ಮಾತ್ರ ನಡೆಯುವುದಿಲ್ಲ. ಲಾರಿಯ ಆಟಕ್ಕೆ ಆ ತೊಡಕಿಲ್ಲವಾಗಿ, ಆ ಅಕ್ಟೋಬರಿನಲ್ಲಿ ನಾವು ಲಿನಕ್ಸಿಗೆ ಹೋದೆವು.

ಆ ಸೋಮವಾರದ ಸಂಜೆಯನ್ನು ಹೇಳಿ ಮುಗಿಸುತ್ತೇವೆ. ನಾವೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತೆವು. ಫ್ರಾನ್ಸಿನ ಕಡಲತೀರದ ಕ್ಯಾಲೆ ಊರಿನ ಹೊರಗೆ, ಮಳೆಯಲ್ಲಿ, ಲಾರಿಗಳು ದೀಪ ಹಚ್ಚಿಕೊಂಡು ಸಾಲಾಗಿ ನಿಂತಿದ್ದವು. ಫೋನಿನಿಂದ ಹುಬ್ಬಳ್ಳಿಯ ಕೂಗು ಬಂದಿತು: “ಲಗೂನ ಬಾರಲೇ, ನಿನ್ ಸಲುವಾಗೇ ನಿಂತೀವಿ!” ಹುಡುಗನ ಲಾರಿ ನಿಲ್ಲದೆ ಹೋಗಿ ಸಾಲಿನಲ್ಲಿ ಸೇರಿತು.

ಈಗ ಸಂಜೆ ಏಳರಿಂದ ಎಂಟರವರೆಗೆ ಯಂತ್ರ ಅವನದು, ಬೆಳಗ್ಗೆ ನಮ್ಮದು. ‘ಲಗೂನ’ ಎಂದರೆ ಬೇಗನೆ. ಸಂಸ್ಕೃತದ ‘ಲಘು’ ಶಬ್ದವು ತದ್ಭವವಾಗಿ ಆ ಸೀಮೆಯಲ್ಲಿ ಹೀಗೆ ಬಾಳುತ್ತಿದೆ. ನಮ್ಮ ಸಂಗ್ರಹದಲ್ಲಿ ಅದು ಇರಲಿಲ್ಲ. ಮರುದಿನ ಬೆಳಗ್ಗೆ ಅದನ್ನು ಸೇರಿಸಿದೆವು.